ಎರಡು ಹಾಲಿನ ನಡುವಿನ ಮೂರು ತಾಸು

ಪ್ರಶ್ನೆ: ನಾವು ಕಲಬುರಗಿಯಲ್ಲಿದ್ದೇವೆ. ಈ ಡಿಸೆಂಬರಿಗೆ ಮದುವೆಯಾಗಿ ಮೂರು ವರ್ಷ. ಮಗಳಿಗೆ ಆಗ ಒಂಬತ್ತು ತಿಂಗಳು ತುಂಬಿರುತ್ತದೆ. ಆನಿವರ್ಸರಿಗೆ ನಾವಿಬ್ಬರೇ ಹೈದರಾಬಾದಿಗೆ ಹೋಗಿ ಎರಡು ರಾತ್ರಿ ಇದ್ದು ಬರೋಣ ಅಂತ ನಮ್ಮ ಮನೆಯವರ ಆಸೆ. ಕೂಸನ್ನು ನಾನು ನೋಡಿಕೊಳ್ಳುತ್ತೇನೆ, ಹೋಗಿ ಬರ್ರಿ ಅಂತ ಅತ್ತೆಯೂ ಹೇಳಿದ್ದಾರೆ. ನಮ್ಮ ಅವ್ವ ಮಾತ್ರ, ಮೊಲೆ ಕುಡಿಯೋ ಕೂಸನ್ನ ಬಿಟ್ಟು ಯಾರಾದ್ರೂ ತಿರುಗಾಡಲಿಕ್ಕೆ ಹೋಗ್ತಾರಾ ಅಂತ ಬೈದಳು. ನನಗೂ ಹೋಗಬೇಕು ಅನಿಸುತ್ತದೆ, ಹಾಗೆ ಅನಿಸಿದ್ದಕ್ಕೇ ಅಳು ಬರುತ್ತದೆ. ಹಾಲು ಬತ್ತಿಬಿಡುತ್ತದಾ? ಕೂಸು ನನ್ನನ್ನು ಮರೆಯುತ್ತದಾ? ಇನ್ನೊಂದು ಸಣ್ಣ ಮಾತು, ಆ ದಿನ ಕೂಸಿಗೆ ಸ್ವಲ್ಪ ಕೇಕ್ ನೆಕ್ಕಿಸಬಹುದಾ?

ಉತ್ತರ: ತಂಗಿ, ಹೋಗಬೇಕು ಅನಿಸಿದ್ದರಲ್ಲಿ ಯಾವ ತಪ್ಪೂ ಇಲ್ಲ. ಒಂಬತ್ತು ತಿಂಗಳಿಂದ ನೀವು ಒಂದು ಊಟವನ್ನೂ ಬಿಸಿಬಿಸಿ ಇದ್ದಾಗ ಮುಗಿಸಿರಲಿಕ್ಕಿಲ್ಲ. ಗಂಡನ ಜೊತೆ ಆಡುವ ಮಾತೆಲ್ಲ ಡೈಪರ್ ತಂದ್ರಾ, ಜ್ವರ ಇಳಿಯಿತಾ, ಮೊದಲು ಸ್ನಾನಕ್ಕೆ ಯಾರು ಹೋಗಬೇಕು, ಇಷ್ಟರಲ್ಲೇ ಮುಗಿಯುತ್ತದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಈ ಊರಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿದ್ದೇನೆ. ಮೊದಲ ವರ್ಷ ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ನಿಮ್ಮ ಮನೆಯವರಿಗೆ ಅದು ಕಂಡಿದೆ, ಬಾಯಿಬಿಟ್ಟು ಹೇಳಿಯೂ ಇದ್ದಾರೆ. ಎಷ್ಟೋ ಗಂಡಸರು ಹೇಳುವುದಿಲ್ಲ, ಸುಮ್ನೆ ಮೊಬೈಲ್ ಹಿಡಿದು ಕೂರುತ್ತಾರೆ. ಅವರಿಗೂ ಈ ಉತ್ತರ ಓದಿಸಿ.

ಆದರೆ ಹೈದರಾಬಾದಿಗೆ, ಎರಡು ರಾತ್ರಿ, ಕೂಸನ್ನು ಬಿಟ್ಟು ಹೋಗುವುದು ಈ ಡಿಸೆಂಬರಿಗೆ ಬೇಡ. ಅದು ಪಾಪ ಅಂತಲ್ಲ. ನಿಮ್ಮ ಕೂಸಿಗೆ ಈಗಿರುವ ವಯಸ್ಸು ಅಂಥದ್ದು, ಅಷ್ಟೇ.

ಮೊದಲು ಹಾಲಿನ ವಿಷಯ. ಎರಡು ದಿನದಲ್ಲಿ ಹಾಲು ಬತ್ತುವುದಿಲ್ಲ. ಎದೆಯಿಂದ ಎಷ್ಟು ಹಾಲು ಹೊರಗೆ ಹೋಗುತ್ತದೋ ಅಷ್ಟು ಹೊಸದಾಗಿ ಬರುತ್ತದೆ, ಅದರ ಲೆಕ್ಕ ಇಷ್ಟೇ. ಮೂರು ನಾಲ್ಕು ತಾಸಿಗೊಮ್ಮೆ ಕೈಯಿಂದಲೋ ಪಂಪಿನಿಂದಲೋ ಹಿಂಡಿ ತೆಗೆಯುತ್ತಿದ್ದರೆ ಕೂಸು ಕುಡಿಯುತ್ತಿದೆ ಅಂತಲೇ ದೇಹ ತಿಳಿಯುತ್ತದೆ. ಹಿಂಡದೆ ಬಿಟ್ಟರೆ ಮಾತ್ರ ಕಷ್ಟ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಮಗನಿಗೆ ಏಳು ತಿಂಗಳಿದ್ದಾಗ ನಾವೂ ಆನಿವರ್ಸರಿ ಅಂತ ಹೈದರಾಬಾದಿಗೆ ಹೋಗಿದ್ದೆವು, ಕೂಸನ್ನು ನಮ್ಮ ಅವ್ವನ ಹತ್ತಿರ ಬಿಟ್ಟು. ಮುಂಜಾನೆ ಸಾಲಾರ್ ಜಂಗ್ ಮ್ಯೂಸಿಯಂ ನೋಡುವಾಗಲೇ ಎದೆ ಭಾರವಾಗಿತ್ತು. ಹಿಂಡಲಿಕ್ಕೆ ಜಾಗ ಎಲ್ಲಿದೆ ಅಂತ ಕೇಳಲು ನಾಚಿಕೆ. ಸಂಜೆ ಹೊತ್ತಿಗೆ ಕುಪ್ಪಸ ಒದ್ದೆ, ರಾತ್ರಿ ಎದೆ ಕಲ್ಲಾಗಿತ್ತು, ಮರುದಿನ ಚಳಿಜ್ವರ. ಹಾಲು ಗಟ್ಟಿ ಕಟ್ಟಿ ಬಾವು ಬಂದಿತ್ತು. ಮಂದಿಗೆಲ್ಲ ಬುದ್ಧಿ ಹೇಳುವ ಡಾಕ್ಟರ್ ನಾನು, ಆದರೂ ಆ ರಾತ್ರಿ ಲಾಡ್ಜಿನ ಬಚ್ಚಲಲ್ಲಿ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಅಳುತ್ತಾ ಕೂತಿದ್ದೆ. ನಮ್ಮ ಯಜಮಾನರು ಬಾಗಿಲಾಚೆ ನಿಂತು ಏನು ಮಾಡಲಿ, ಏನು ಮಾಡಲಿ ಅಂತ ಕೇಳುತ್ತಿದ್ದರು. ಆನಿವರ್ಸರಿ ಅಂತ ನನಗೆ ನೆನಪಿರುವುದು ಅದೊಂದೇ.

ಇದರ ಜೊತೆಗೆ ಒಂದು ತಪ್ಪು ನಂಬಿಕೆಯನ್ನೂ ತೆಗೆದುಬಿಡಿ. ಹೊರಗೆ ಹೋಗಿ ಬಂದ ತಾಯಿಯ ಎದೆಯಲ್ಲಿ 'ಹಳೆ ಹಾಲು' ಇರುತ್ತದೆ, ಅದನ್ನು ಹಿಂಡಿ ಚೆಲ್ಲಿ ಆಮೇಲೆ ಕುಡಿಸಬೇಕು ಅಂತ ಹೇಳುತ್ತಾರೆ. ಎದೆಯೊಳಗಿನ ಹಾಲು ಕೆಡುವುದಿಲ್ಲ, ಹಳಸುವುದಿಲ್ಲ. ಬಂದು ಕೈ ತೊಳೆದು ಹಾಗೇ ಕುಡಿಸಿ.

ಇನ್ನು ಕೂಸು ಮರೆಯುತ್ತದಾ ಅಂದಿರಿ. ಮರೆಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಮೂರು ತಿಂಗಳಿನ ಕೂಸಿಗೆ ನೀವು ಕಣ್ಣ ಮುಂದೆ ಇಲ್ಲ ಅಂದರೆ ಇಲ್ಲ, ಅಷ್ಟೇ. ಎಂಟು ಒಂಬತ್ತು ತಿಂಗಳಿಗೆ ಅದಕ್ಕೆ ಹೊಸದೊಂದು ಗೊತ್ತಾಗುತ್ತದೆ: ಕಾಣದಿದ್ದರೂ ಅವ್ವ ಎಲ್ಲೋ ಇದ್ದಾಳೆ. ನೀವು ಸೆರಗಿನಿಂದ ಮುಖ ಮುಚ್ಚಿಕೊಂಡರೆ ಮಗಳು ಸೆರಗು ಎಳೆದು ನಗುತ್ತಾಳಲ್ವಾ, ಅದೇ ಅದರ ಗುರುತು. ಆದರೆ ಅವ್ವ ವಾಪಸ್ ಬರುತ್ತಾಳೆ, ಇಂಥ ಹೊತ್ತಿಗೆ ಬರುತ್ತಾಳೆ ಅನ್ನುವುದು ಇನ್ನೂ ತಿಳಿಯುವುದಿಲ್ಲ. ಅದಕ್ಕೇ ಈ ವಯಸ್ಸಿನಲ್ಲಿ ನೀವು ಬಚ್ಚಲಿಗೆ ಹೋದರೂ ಚೀರುತ್ತಾಳೆ, ಹೊಸಬರನ್ನು ಕಂಡರೆ ಕೊರಳು ಬಿಗಿಯಾಗಿ ಹಿಡಿಯುತ್ತಾಳೆ. ಇದು ಹತ್ತು ತಿಂಗಳಿಂದ ಒಂದೂವರೆ ವರ್ಷದ ನಡುವೆ ಇನ್ನೂ ಜಾಸ್ತಿ ಆಗಿ, ಆಮೇಲೆ ತಾನೇ ಇಳಿಯುತ್ತದೆ. ಅತ್ತೆ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಮೊದಲ ಸಲವೇ ಎರಡು ರಾತ್ರಿ ಅಂದರೆ ಕೂಸಿಗೂ ಅತ್ತೆಗೂ ಇಬ್ಬರಿಗೂ ಭಾರ. ಎರಡು ತಾಸು ಅಂದರೆ ಹಾಗಲ್ಲ. ಹೋಗುತ್ತಾಳೆ, ಬರುತ್ತಾಳೆ ಅನ್ನುವ ಪಾಠವನ್ನು ಅದು ಎರಡೆರಡು ತಾಸಿನಲ್ಲೇ ಕಲಿಯುವುದು.

ಹಾಗಾಗಿ ನನ್ನ ಮಾತು ಇದು. ಪ್ರವಾಸವನ್ನು ರಾತ್ರಿಯ ಲೆಕ್ಕದಲ್ಲಿ ಅಳೆಯಬೇಡಿ, ಹಾಲಿನ ಲೆಕ್ಕದಲ್ಲಿ ಅಳೆಯಿರಿ. ಒಂಬತ್ತು ತಿಂಗಳ ಕೂಸು ದಿನಕ್ಕೆ ಮೂರು ನಾಲ್ಕು ಸಲ ಊಟ ಮಾಡುತ್ತದೆ, ನಡುವೆ ಮೊಲೆ ಕುಡಿಯುತ್ತದೆ. ಒಂದು ಸಲ ಹೊಟ್ಟೆ ತುಂಬ ಕುಡಿಸಿ, ಮುಂದಿನ ಸಲಕ್ಕೆ ಊಟ ತಿನ್ನಿಸಲು ಯಾರಾದರೂ ಇದ್ದರೆ ನಿಮಗೆ ಮೂರು ತಾಸು ಆರಾಮಾಗಿ ಸಿಗುತ್ತದೆ. ಆ ಮೂರು ತಾಸು ನಿಮ್ಮಿಬ್ಬರದು. ಕೂಸು, ಅತ್ತೆ, ನೀವಿಬ್ಬರು, ನಾಲ್ಕೂ ಮಂದಿ ಬೀದರಿಗೆ ಹೋಗಿ. ಒಂದು ರಾತ್ರಿ ಸಾಕು. ಅಕ್ಕಪಕ್ಕದ ಎರಡು ರೂಮು ತೆಗೆದುಕೊಳ್ಳಿ. ಆನಿವರ್ಸರಿಗೆ ಅತ್ತೆ ಯಾಕೆ ಅಂತ ನಿಮಗೆ ಅನಿಸಬಹುದು. ಆದರೆ ಕೂಸು ನಿಮ್ಮಿಂದ ನೂರಾರು ಕಿಲೋಮೀಟರ್ ದೂರ ಇದ್ದಾಗ ನೀವು ಗಂಡನ ಎದುರು ಕೂತು ಅವರ ಮುಖ ನೋಡುತ್ತೀರೋ, ಮೊಬೈಲ್ ನೋಡುತ್ತೀರೋ? ಕೂಸು ಹತ್ತು ನಿಮಿಷದ ದೂರದಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿದ್ದರೆ ನಿಮ್ಮ ಮನಸ್ಸೂ ನಿಮ್ಮ ಜೊತೆ ಇರುತ್ತದೆ.

ಬೀದರೇ ಯಾಕೆ ಅಂದರೆ, ಹೈದರಾಬಾದ್ ನಮ್ಮಿಂದ ಸುಮಾರು 220 ಕಿಲೋಮೀಟರ್, ಬೀದರ್ ಅದರ ಅರ್ಧ. 2017ರಿಂದ ನೇರ ರೈಲು ಮಾರ್ಗವೂ ಇದೆ, ಕಮಲಾಪುರ, ಹುಮನಾಬಾದ್ ಮೇಲೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಬೇಡ ಅಂದರೆ ರೈಲಿನಲ್ಲಿ ಟಿಕೆಟ್ ಇಲ್ಲ. ಎದ್ದು ಓಡಾಡಿಸಬಹುದು, ಕಿಟಕಿಯಲ್ಲಿ ತೊಗರಿ ಹೊಲ ತೋರಿಸಬಹುದು, ಸೆರಗು ಹೊದ್ದು ಕುಡಿಸಬಹುದು. ಕಾರಿನಲ್ಲೇ ಹೋಗುತ್ತೀರಿ ಅಂದರೆ ಕೂಸಿನ ಸೀಟು ಹಿಂದಿನ ಸೀಟಿನ ಮೇಲೆ, ಹಿಮ್ಮುಖವಾಗಿ ಕಟ್ಟಿರಬೇಕು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ, ಜೋರಾಗಿ ಬ್ರೇಕ್ ಹಾಕಿದರೆ ಯಾವ ಕೈಯೂ ಕೂಸನ್ನು ಹಿಡಿದಿಡಲಾರದು. ಬಾಡಿಗೆ ಕಾರಿನಲ್ಲಿ ಅಂಥ ಸೀಟು ಸಿಗುವುದು ಕಷ್ಟ, ಅದಕ್ಕೇ ನಾನು ರೈಲು ಅನ್ನುತ್ತೇನೆ.

ಹೋಗುವ ತಾರೀಖಿನ ಬಗ್ಗೆ ಒಂದು ಮಾತು. ಒಂಬತ್ತು ತಿಂಗಳು ತುಂಬಿದ ಕೂಡಲೇ ದಡಾರ-ರುಬೆಲ್ಲಾ ಲಸಿಕೆ ಇದೆ, ಜೊತೆಗೆ ವಿಟಮಿನ್ 'ಎ' ಹನಿ. ಕೆಲವು ಕೂಸುಗಳಿಗೆ ಈ ಲಸಿಕೆಯ ಜ್ವರ ಅವತ್ತೇ ಬರುವುದಿಲ್ಲ, ಒಂದು ವಾರದ ಮೇಲೆ, 12 ದಿನದ ಒಳಗೆ ಬರುತ್ತದೆ, ಮೈಮೇಲೆ ಸಣ್ಣ ಗುಳ್ಳೆಯೂ ಏಳಬಹುದು. ಒಂದೆರಡು ದಿನ ಇದ್ದು ಹೋಗುತ್ತದೆ. ಪರ ಊರಿನ ಲಾಡ್ಜಿನಲ್ಲಿ ಅದು ಬಂದರೆ ಮಾತ್ರ ಎಲ್ಲರೂ ಗಾಬರಿ. ಲಸಿಕೆ ಮುಂದೆ ಹಾಕಬೇಡಿ, ಪ್ರವಾಸವನ್ನು ಆ ದಿನಗಳಿಂದ ಸರಿಸಿ. ಆನಿವರ್ಸರಿ ತಾರೀಖು ನಾಲ್ಕು ದಿನ ಆಚೀಚೆ ಆದರೆ ಏನೂ ಆಗುವುದಿಲ್ಲ.

ಬೀದರ್ ನಮ್ಮೂರಿಗಿಂತ ಎತ್ತರದ ಊರು, 600 ಮೀಟರಿಗಿಂತ ಮೇಲಿದೆ. ಡಿಸೆಂಬರಿನಲ್ಲಿ ಮುಂಜಾನೆ ಒಳ್ಳೆ ಚಳಿ. ಕುಂಚಿಗೆ, ಕಾಲಿಗೆ ಸಾಕ್ಸ್, ಎರಡು ಮೂರು ಪದರ ಹತ್ತಿ ಬಟ್ಟೆ ಇರಲಿ. ಒಂದೇ ದಪ್ಪ ಸ್ವೆಟರಿಗಿಂತ ತೆಳ್ಳಗಿನ ಪದರಗಳೇ ಚೆನ್ನ, ಬಿಸಿಲು ಏರಿದಂತೆ ಒಂದೊಂದೇ ತೆಗೆಯಬಹುದು. ಬಿಸಿಲು ಬೆಚ್ಚಗಾದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ನಾಲ್ಕೂ ಮಂದಿ ಕೋಟೆಗೆ ಹೋಗಿ. ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ಇಲ್ಲಿಗೇ ಒಯ್ದ. ಒಳಗೆ ಹುಲ್ಲು, ಮರ, ನೆರಳು ಬೇಕಾದಷ್ಟಿದೆ. ಸೋಲಾ ಖಂಬ ಮಸೀದಿಯ ಕಡೆ ಚಾದರ ಹಾಸಿ ಕೂಸನ್ನು ಅಂಬೆಗಾಲಿಡಲು ಬಿಡಿ. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವಿದೆ, ಬೆಳಕು ಬಿದ್ದರೆ ಹೊಳೆಯುತ್ತದೆ. ಬಾಗಿಲು ಹಾಕಿದ್ದರೆ ಅಲ್ಲಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿ ನೋಡಿ. ಕೂಸಿಗೆ ಅದೆಲ್ಲ ಬೇಡ, ಅದು ಪಾರಿವಾಳ ನೋಡಿಕೊಂಡೇ ಖುಷಿಯಾಗಿರುತ್ತದೆ. ನರಸಿಂಹ ಝರಣಿ ಗುಹಾ ದೇವಸ್ಥಾನಕ್ಕೆ ಮಾತ್ರ ಕೂಸನ್ನು ಒಯ್ಯಬೇಡಿ. ಗುಹೆಯೊಳಗೆ ಎದೆಮಟ್ಟದ ನೀರು, ಇಕ್ಕಟ್ಟು, ಮೇಲೆ ಬಾವಲಿಗಳು. ಅತ್ತೆಗೆ ದರ್ಶನದ ಆಸೆ ಇದ್ದರೆ ಒಬ್ಬರು ಹೊರಗೆ ಕೂಸಿನ ಜೊತೆ ಇರಿ.

ಹನ್ನೆರಡಕ್ಕೆ ವಾಪಸ್ ಬಂದು ಊಟ, ನಿದ್ದೆ, ನೀವೂ ಮಲಗಿ. ಎರಡೂ ಮುಕ್ಕಾಲಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಮೂರಕ್ಕೆ ಇಬ್ಬರೂ ಹೊರಡಿ. ಹೋಗುವಾಗ ಕದ್ದು ಹೋಗಬೇಡಿ. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಇದು, ಅಳುತ್ತದೆ ಅಂತ ಆಟಕ್ಕೆ ಹಚ್ಚಿ ಹಿಂದಿನ ಬಾಗಿಲಿನಿಂದ ಹೋಗುವುದು. ಎರಡು ಸಲ ಹೀಗಾದರೆ ಕೂಸು ಆಟಕ್ಕೂ ಹೆದರುತ್ತದೆ, ನಿಮ್ಮ ಮೇಲಿನ ಕಣ್ಣು ತೆಗೆಯುವುದಿಲ್ಲ. ಮುಖ ನೋಡಿ, ಹೋಗಿ ಬರ್ತೀನಿ ಪುಟ್ಟಿ ಅಂತ ಹೇಳಿ, ಮುತ್ತು ಕೊಟ್ಟು ಹೊರಡಿ. ಐದು ನಿಮಿಷ ಅಳಬಹುದು. ನಿಮ್ಮ ಉಟ್ಟ ಸೀರೆಯನ್ನೋ ದುಪಟ್ಟಾವನ್ನೋ ಅತ್ತೆ ಹೆಗಲ ಮೇಲೆ ಹಾಕಿಕೊಳ್ಳಲಿ, ವಾಸನೆಗೇ ಅರ್ಧ ಸಮಾಧಾನ ಆಗುತ್ತದೆ. ಮಲಗಿದಾಗ ಮಾತ್ರ ಆ ಬಟ್ಟೆಯನ್ನು ಕೂಸಿನ ಹತ್ತಿರ ಇಡಬಾರದು, ಮುಖದ ಮೇಲೆ ಬೀಳುತ್ತದೆ.

ಎಲ್ಲಿಗೆ ಹೋಗುತ್ತೀರಿ? ನನ್ನನ್ನು ಕೇಳಿದರೆ ಅಷ್ಟೂರಿಗೆ. ಊರಿಂದ ನಾಲ್ಕು ಕಿಲೋಮೀಟರ್ ಸಹ ಇಲ್ಲ. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ, ಅದರಲ್ಲೊಂದು ಸಿಡಿಲು ಬಡಿದು ಅರ್ಧ ಕುಸಿದದ್ದು. ಸುತ್ತ ಹೊಲ, ಗಾಳಿ, ಮಂದಿ ಕಡಿಮೆ. ಅಹ್ಮದ್ ಶಾನ ಗುಮ್ಮಟದ ಒಳಗೋಡೆಯ ಚಿತ್ರಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಬಂಗಾರದ ಬಣ್ಣ ಒಂದೊಂದಾಗಿ ಎದ್ದು ಬರುತ್ತದೆ. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡಿ. ಒಂದೇ ಒಂದು ಕಟ್ಟಳೆ ಇಟ್ಟುಕೊಳ್ಳಿ, ಮೊದಲ ಅರ್ಧ ತಾಸು ಕೂಸಿನ ಮಾತು ಬೇಡ. ಕಷ್ಟವಾಗುತ್ತದೆ, ನಾಲಿಗೆ ತುದಿಗೆ ಅದೇ ಬರುತ್ತದೆ. ಮದುವೆಯಾದ ಹೊಸದರಲ್ಲಿ ಏನು ಮಾತಾಡುತ್ತಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ಸೂರ್ಯ ಆರರೊಳಗೇ ಮುಳುಗುತ್ತಾನೆ. ಬರುವ ದಾರಿಯಲ್ಲಿ ಹಳೆ ಊರಿನ ನಡುವಿನ ಚೌಬಾರಾ ಗೋಪುರದ ಸುತ್ತಮುತ್ತ ಬಿದರಿ ಅಂಗಡಿ ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದಲೇ ಕಪ್ಪು ಬಣ್ಣ ತರಿಸುತ್ತಾರೆ. ಒಂದು ಸಣ್ಣ ಡಬ್ಬಿ ಕೊಂಡರೆ ಆನಿವರ್ಸರಿಯ ನೆನಪು ಮನೆಯಲ್ಲಿ ಇರುತ್ತದೆ. ಆರಕ್ಕೆ ಕೂಸಿನ ಹತ್ತಿರ ಇರಿ.

ಅತ್ತೆಯ ಕೈಗೆ ಏನು ಕೊಟ್ಟು ಹೋಗಬೇಕು? ಹುರಿದು ಪುಡಿ ಮಾಡಿದ ಅಕ್ಕಿ-ಹೆಸರುಬೇಳೆ ಡಬ್ಬಿ, ಥರ್ಮಾಸಿನಲ್ಲಿ ಕುದಿಸಿದ ನೀರು, ಒಂದಿಷ್ಟು ತುಪ್ಪ. ಲಾಡ್ಜಿನಲ್ಲಿ ಕೆಟಲ್ ಇದ್ದರೆ ಗಂಜಿ ಅಲ್ಲೇ ಆಗುತ್ತದೆ. ಹಿಂಡಿದ ಹಾಲು ಇಡುವುದಾದರೆ ಈ ಲೆಕ್ಕ ನೆನಪಿರಲಿ: ತಂಪಾದ ಕೋಣೆಯಲ್ಲಿ, ಅಂದರೆ 25 ಡಿಗ್ರಿ ಒಳಗೆ, 4 ತಾಸು, ಫ್ರಿಜ್‌ನಲ್ಲಿ 4 ದಿನ. ಬಿಸಿಲಿನ ದಿನ ಹೊರಗೆ ನಾಲ್ಕು ತಾಸು ಇಡಬೇಡಿ. ಕೂಸು ಬಾಯಿ ಹಚ್ಚಿ ಬಿಟ್ಟದ್ದು ಎರಡು ತಾಸಿನ ಮೇಲೆ ಚೆಲ್ಲಿಬಿಡಿ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಒಲೆ ಮೇಲೆ ಕುದಿಸಬಾರದು. ಬಾಟಲಿ ಬೇಡ, ಚಮಚ ಅಥವಾ ಸಣ್ಣ ಲೋಟದಲ್ಲಿ ಕುಡಿಸಿ, ತೊಳೆಯುವುದೂ ಸುಲಭ. ಎರಡು ಓಆರ್‌ಎಸ್ ಪ್ಯಾಕೆಟ್ ಚೀಲದಲ್ಲಿರಲಿ. ಬೇಧಿ ಆದರೆ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ 1 ಲೀಟರ್ ನೀರಿಗೆ ಕಲಸಬೇಕು, ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಕಲಸಬೇಡಿ, 24 ತಾಸಿನ ಮೇಲೆ ಉಳಿದದ್ದು ಇಡಬೇಡಿ. ರೂಮಿಗೆ ಹೋದ ಕೂಡಲೇ ಒಬ್ಬರು ಮಂಡಿಯೂರಿ ನೆಲ ನೋಡಿ. ಈ ವಯಸ್ಸಿಗೆ ಎರಡು ಬೆರಳಿನಿಂದ ಸಣ್ಣದನ್ನು ಹೆಕ್ಕುವುದು ಬರುತ್ತದೆ, ಹೆಕ್ಕಿದ್ದು ನೇರ ಬಾಯಿಗೆ. ಮಾತ್ರೆ, ಗುಂಡಿ, ಬ್ಯಾಟರಿ ಏನಿರುತ್ತದೋ ಗೊತ್ತಿಲ್ಲ. ಮನೆಯಲ್ಲೂ ಇದೇ ಮಾತು. ತೊಗರಿ ರಾಶಿ ಬರುವ ದಿನಗಳಲ್ಲಿ ಕಾಳು, ಶೇಂಗಾ ಶ್ವಾಸನಾಳಕ್ಕೆ ಸಿಕ್ಕಿಕೊಂಡ ಕೂಸುಗಳನ್ನು ನಾನು ನೋಡಿದ್ದೇನೆ. ಹೆದರಿಸಲು ಹೇಳುತ್ತಿಲ್ಲ, ಕಾಳು ಹಸನು ಮಾಡುವ ಕೋಣೆಯ ಬಾಗಿಲು ಹಾಕಿಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹಾಲು ಕುಡಿಸುವಾಗ ಬಸಿರಾಗುವುದಿಲ್ಲ ಅಂತ ನಂಬಿಕೊಂಡು, ಮೊದಲ ಕೂಸಿಗೆ ವರ್ಷ ತುಂಬುವ ಮೊದಲೇ ಮತ್ತೆ ಬಸಿರಾಗಿ ಅಳುತ್ತಾ ಬಂದವರು ನನ್ನ ಹತ್ತಿರ ಬಹಳ. ಆ ರಕ್ಷಣೆ ಇರುವುದು ಮೂರೂ ಕೂಡಿದ್ದಾಗ ಮಾತ್ರ: ಕೂಸಿಗೆ ಆರು ತಿಂಗಳೊಳಗಿರಬೇಕು, ಹಗಲೂ ರಾತ್ರಿಯೂ ಮೊಲೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿ ಬಂದಿರಬಾರದು. ಒಂಬತ್ತು ತಿಂಗಳಿಗೆ ಅದು ಮುಗಿದ ಮಾತು, ಮುಟ್ಟು ಬರದಿದ್ದರೂ ಬಸಿರಾಗಬಹುದು. ಕಾಂಡೋಮ್, ಕಾಪರ್-ಟಿ, ವಾರದ ಲೆಕ್ಕದಲ್ಲಿ ತೆಗೆದುಕೊಳ್ಳುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಇಂಜೆಕ್ಷನ್, ಇವೆಲ್ಲ ಸರ್ಕಾರಿ ಯೋಜನೆಯಲ್ಲಿ ಬಿಟ್ಟಿ, ಹಾಲಿಗೆ ತೊಂದರೆ ಇಲ್ಲ. ನಿಮಗೆ ಯಾವುದು ಹೊಂದುತ್ತದೆ ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಒಂದು ಹೆರಿಗೆಯಾಗಿ ಮುಂದಿನ ಬಸಿರಿಗೆ ಎರಡು ವರ್ಷವಾದರೂ ಅಂತರ ಇದ್ದರೆ ನಿಮ್ಮ ಮೈಗೆ ಒಳ್ಳೆಯದು. ಇನ್ನೂ ನೋವು, ಒಣಗು ಇದ್ದರೆ ಅದನ್ನೂ ಗಂಡನಿಗೆ ಹೇಳಿ, ಹಾಲು ಕುಡಿಸುವ ಎಷ್ಟೋ ಹೆಣ್ಣುಮಕ್ಕಳಿಗೆ ಹಾಗಾಗುತ್ತದೆ. ಆ ರಾತ್ರಿ ಸುಮ್ನೆ ಕೈ ಹಿಡಿದು ಮಲಗಿದರೂ ಅದು ಆನಿವರ್ಸರಿಯೇ.

ಬೀದರಿಂದ ಬಂದ ಮೇಲೂ ಈ ಮೂರು ತಾಸು ಬಿಡಬೇಡಿ. ವಾರಕ್ಕೊಂದು ಸಲ, ಭಾನುವಾರ ಸಂಜೆ ಅಂತಿಟ್ಟುಕೊಳ್ಳಿ, ಕೂಸಿಗೆ ಕುಡಿಸಿ ಅತ್ತೆಯ ಕೈಗೆ ಕೊಟ್ಟು ಅಪ್ಪನ ಕೆರೆ ದಂಡೆಗೆ ಹೋಗಿ, ಮಿರ್ಚಿ ಭಜಿ ತಿಂದು ಬನ್ನಿ. ಉಳಿದ ದಿನ ಕೂಸನ್ನು ಸ್ವಲ್ಪ ಅಪ್ಪನಿಗೆ ಬಿಡಿ. ಎಷ್ಟೋ ಮನೆಯಲ್ಲಿ ಅಪ್ಪ ಎತ್ತಿಕೊಂಡರೆ ಅಜ್ಜಿ, ಅವ್ವ ಇಬ್ಬರೂ ಹಾಗಲ್ಲ ಹೀಗೆ ಅಂತ ಕಸಿದುಕೊಳ್ಳುತ್ತಾರೆ. ಸಂಜೆಯ ಗಂಜಿ ಅವರೇ ತಿನ್ನಿಸಲಿ, ಅರ್ಧ ಕೆಳಗೆ ಚೆಲ್ಲಲಿ. ರಾತ್ರಿ ಎದ್ದಾಗ ಎತ್ತಿ ತಂದುಕೊಟ್ಟು, ಕುಡಿದ ಮೇಲೆ ಮಲಗಿಸುವ ಕೆಲಸ ಅವರದಾಗಲಿ. ಮಗಳು ಮೊದಲ ಸಲ ಏನನ್ನಾದರೂ ಹಿಡಿದು ಎದ್ದು ನಿಲ್ಲುವುದು, 'ಬಾ ಬಾ' ಅನ್ನುವುದು, ಇವು ನೀವಿಬ್ಬರೂ ಕೂಡಿ ನೋಡಿದಾಗ ಸಿಗುವ ಸಂತೋಷವೇ ಬೇರೆ. ನಿಮ್ಮ ಅವ್ವನಿಗೂ ಫೋನ್ ಮಾಡಿ ಹೇಳಿ, ಕೂಸನ್ನು ಬಿಟ್ಟು ಹೋಗುತ್ತಿಲ್ಲ ಅಂತ. ಆಕೆ ಬೈದದ್ದು ನಿಮ್ಮ ಎದೆ ಕಟ್ಟೀತು, ಕೂಸು ಅತ್ತೀತು ಅನ್ನುವ ಹೆದರಿಕೆಗೆ. ಆಕೆಯ ಕಾಲದಲ್ಲಿ ಹಿಂಡಿ ಇಡುವುದನ್ನು ಹೇಳಿಕೊಟ್ಟವರು ಯಾರಿದ್ದರು?

ಅಳುವಿನ ಬಗ್ಗೆ ಒಂದು ಮಾತು ಉಳಿಯಿತು. ಈ ಪ್ರವಾಸದ ಚಿಂತೆಗೆ ಒಂದೆರಡು ದಿನ ಅತ್ತರೆ ಸಹಜ. ಆದರೆ ಎರಡು ವಾರಕ್ಕಿಂತ ಜಾಸ್ತಿ ದಿನವೂ ಅಳು ಬರುತ್ತಿದ್ದರೆ, ಕೂಸು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನಿಸಿದರೆ, ಪ್ರವಾಸದಿಂದ ಅದು ಸರಿಹೋಗುವುದಿಲ್ಲ. ಹೆರಿಗೆಯ ಮೇಲಿನ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು, ಅದಕ್ಕೆ ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿ ಇದೆ. ಡಾಕ್ಟರ ಹತ್ತಿರ ಹೋಗಿ. ಯಾರ ಮುಂದೂ ಬಾಯಿಬಿಡಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವ ಬೇಡ ಅನಿಸಿದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೇನೋ ಅನಿಸಿದರೆ ಆ ಕ್ಷಣವೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಕೊನೆಗೆ ಕೇಕ್. ನೆಕ್ಕಿಸಬೇಡಿ. ಎರಡು ವರ್ಷದವರೆಗೆ ಸಕ್ಕರೆ ಹಾಕಿದ್ದು ಕೊಡದಿದ್ದರೇ ಒಳ್ಳೆಯದು. ಬದಲಿಗೆ ಜೇನುತುಪ್ಪ ಅಂತ ಯಾರಾದರೂ ಹೇಳಿದರೆ ಅದಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿರಬಹುದಾದ ಸೂಕ್ಷ್ಮಜೀವಿಯಿಂದ ಕೂಸಿನ ನರಕ್ಕೆ ವಿಷವೇರುತ್ತದೆ. ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಒಂದು ತಂದಿಟ್ಟುಕೊಳ್ಳಿ. ನೀವು ಕೇಕ್ ಕತ್ತರಿಸುವಾಗ ಅದನ್ನು ಹಿಚುಕಿ ಅವಳ ತಟ್ಟೆಗೆ ಹಾಕಿ, ಅವಳೇ ಬೆರಳಿನಿಂದ ತೆಗೆದು ತಿನ್ನಲಿ.